ಗ್ರೋವರ್ ಅಲ್ಗಾರಿದಂನಿಂದ ಡೇಟಾಬೇಸ್ ಹುಡುಕಾಟ ನಿಜಕ್ಕೂ ಫಾಸ್ಟ್ ಆಗುತ್ತಾ?

ಕಾಫಿಪುಡಿ:
ನಾನು ಬ್ಯಾಕೆಂಡ್ ಕೆಲಸ ಮಾಡುವವನು, ಕ್ವಾಂಟಂಗೆ ಹೊಸಬ. 1996ರ ಗ್ರೋವರ್ ಅಲ್ಗಾರಿದಂ, ಅಂದರೆ ಕ್ವಾಂಟಂ ಕಂಪ್ಯೂಟರ್‌ನ ಹುಡುಕಾಟದ ವಿಧಾನ, ಅದರ ಬಗ್ಗೆ ಓದಿದೆ. ಒಂದು ಲಕ್ಷ ಕೋಟಿ ಸಾಲುಗಳಲ್ಲಿ ಬೇಕಾದ ಒಂದನ್ನು ಹುಡುಕಲು ಹತ್ತು ಲಕ್ಷದೊಳಗಿನ ಸುತ್ತು, ಅಂದರೆ ಸಾಲುಗಳ ಸಂಖ್ಯೆಯ ವರ್ಗಮೂಲಕ್ಕಿಂತ ಕಡಿಮೆ, ಸಾಕಂತೆ. ನಮ್ಮಲ್ಲಿ ಒಂದು ಟೇಬಲ್ ಇದೆ, ಒಂದು ಕಾಲಂ ಮೇಲೆ ಕ್ವೆರಿ ಓಡಿಸಿದರೆ ಟೀ ಕುಡಿದು ಬರಬಹುದು. ಮುಂದೊಂದು ದಿನ ಇಂಥದ್ದಕ್ಕೆಲ್ಲ ಕ್ವಾಂಟಂ ಕಂಪ್ಯೂಟರ್ ಬರುತ್ತಾ, ಅಥವಾ ಇದೆಲ್ಲ ಸುಮ್ನೆ ಪೇಪರ್ ಮೇಲಿನ ವೇಗವಾ?

ಹಳೇಕಂಪೈಲರ್:
ಮೊದಲು ಆ ಕಾಲಂಗೆ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಹಾಕಿ ಗುರು.

ಇನ್ನು ಗ್ರೋವರ್ ವಿಷಯ. 'ಡೇಟಾಬೇಸ್ ಹುಡುಕಾಟ' ಅಂತ ಎಲ್ಲರೂ ಬರೆದು ಬರೆದು ದಾರಿ ತಪ್ಪಿಸಿದ್ದಾರೆ. ನಿಮ್ಮ ಸಾಲುಗಳು ಡಿಸ್ಕ್‌ನಲ್ಲಿವೆ, ಅವನ್ನು ಕ್ವಾಂಟಂ ಯಂತ್ರಕ್ಕೆ ಕೊಡಬೇಕಾದರೆ ಒಂದು ಸಲವಾದರೂ ಎಲ್ಲವನ್ನೂ ಓದಲೇಬೇಕು. ಓದುವಾಗಲೇ ಬೇಕಾದ್ದು ಸಿಕ್ಕಿಬಿಡುತ್ತೆ ಅಲ್ವಾ? ಒಂದು ಉತ್ತರ ಸರಿಯೋ ತಪ್ಪೋ ಅಂತ ಚಿಕ್ಕ ಫಂಕ್ಷನ್ ಲೆಕ್ಕ ಹಾಕಿ ಹೇಳುವಂಥ ಕಡೆ, ಉದಾಹರಣೆಗೆ ಗೂಢಲಿಪಿಯ ಕೀ ಹುಡುಕುವಾಗ, ಮಾತ್ರ ಗ್ರೋವರ್‌ಗೆ ಅರ್ಥ.

ಸಂಜೆಮಳೆ:
ಅಲ್ಲೂ ಲೆಕ್ಕ ಹಾಕಿ ನೋಡಿ. ಸಂಖ್ಯೆಗಳು ನನ್ನ ಅಂದಾಜು, ಕ್ವಾಂಟಂ ಕಡೆ ಸ್ವಲ್ಪ ಧಾರಾಳವಾಗಿಯೇ ಹಿಡಿದಿದ್ದೇನೆ. ದೋಷ ತಿದ್ದುವ ಕೆಲಸವೂ ಸೇರಿ ಕ್ವಾಂಟಂ ಲೆಕ್ಕದ ಒಂದು ಚಿಕ್ಕ ಹೆಜ್ಜೆಗೆ, ಅಂದರೆ ಒಂದು ಗೇಟ್‌ಗೆ 10 ಮೈಕ್ರೋಸೆಕೆಂಡ್, ಒಂದು ಸುತ್ತಿಗೆ 1,000 ಗೇಟ್. ಅಂದರೆ ಸುತ್ತಿಗೆ 10 ಮಿಲಿಸೆಕೆಂಡ್. ಒಂದು ಲಕ್ಷ ಕೋಟಿಗೆ ಸುಮಾರು 7.85 ಲಕ್ಷ ಸುತ್ತು ಬೇಕು, ಎರಡು ಗಂಟೆ ದಾಟುತ್ತೆ. ಸೆಕೆಂಡಿಗೆ ಹತ್ತು ಲಕ್ಷ ಕೋಟಿ ಲೆಕ್ಕ ಮಾಡುವ ಒಂದು ಜಿಪಿಯು (ಒಟ್ಟಿಗೆ ಸಾವಿರಾರು ಲೆಕ್ಕ ಮಾಡುವ ಮಾಮೂಲಿ ಚಿಪ್) ಎಲ್ಲವನ್ನೂ ಒಂದೊಂದಾಗಿ, ಒಂದಕ್ಕೆ 1,000 ಲೆಕ್ಕದಂತೆ, ಪರೀಕ್ಷಿಸಿದರೂ 100 ಸೆಕೆಂಡ್!

ದೊಡ್ಡ ಸಮಸ್ಯೆಯಲ್ಲಿ ಗ್ರೋವರ್ ಗೆಲ್ಲುತ್ತೆ ಅಂತೀರಾ? ಸರಿ, ಹತ್ತು ಲಕ್ಷ ಪಟ್ಟು ದೊಡ್ಡದು ಮಾಡೋಣ. ಕ್ವಾಂಟಂಗೆ ಮೂರು ತಿಂಗಳು, ಒಂದು ಜಿಪಿಯುಗೆ ಮೂರು ವರ್ಷ. ಗೆದ್ದಿತು. ಆದರೆ 100 ಜಿಪಿಯು ತಂದರೆ 12 ದಿನಕ್ಕೆ ಮುಗಿಯುತ್ತೆ. ಗ್ರೋವರ್‌ನ ಸುತ್ತುಗಳು ಒಂದಾದ ಮೇಲೆ ಒಂದು ನಡೆಯಬೇಕು, ಹಾಗಾಗಿ 100 ಕ್ವಾಂಟಂ ಯಂತ್ರ ಇಟ್ಟರೂ ವೇಗ ಬರೀ 10 ಪಟ್ಟು. ವರ್ಗಮೂಲದ ಲಾಭದ ಬಹುಪಾಲನ್ನು ನಿಧಾನದ ಗೇಟ್‌ಗಳೇ ತಿಂದುಹಾಕುತ್ತವೆ.

ಅರ್ಧಸತ್ಯ:
ಅಷ್ಟೊಂದು ನಿರಾಶೆ ಬೇಡ. ಗ್ರೋವರ್ ಒಂದೇ ಅಲ್ಗಾರಿದಂ ಅಲ್ಲವಲ್ಲ, ದೊಡ್ಡ ಸಂಖ್ಯೆಗಳನ್ನು ಅಪವರ್ತನಗಳಾಗಿ ಒಡೆಯುವ 1994ರ ಶೋರ್ ಅಲ್ಗಾರಿದಂ ಇದೆ. ಆರ್‌ಎಸ್‌ಎ-2048 ಗೂಢಲಿಪಿ (2048 ಬಿಟ್‌ನ ಸಂಖ್ಯೆಯ ಮೇಲೆ ನಿಂತದ್ದು) ಒಡೆಯಲು 2 ಕೋಟಿ ಕ್ಯೂಬಿಟ್ (ಕ್ವಾಂಟಂ ಯಂತ್ರದ ಬಿಟ್), 8 ಗಂಟೆ ಬೇಕು ಅಂತ 2019ರಲ್ಲಿ ಸಂಶೋಧಕರಾದ ಗಿಡ್ನಿ ಮತ್ತು ಎಕೆರೊ ಅಂದಾಜು ಮಾಡಿದ್ದರು. 2025ರಲ್ಲಿ ಗಿಡ್ನಿ ಅದನ್ನು 10 ಲಕ್ಷಕ್ಕಿಂತ ಕಡಿಮೆ ಕ್ಯೂಬಿಟ್, ಒಂದು ವಾರದೊಳಗೆ ಅಂತ ಇಳಿಸಿದರು. ಅಂಥ ಯಂತ್ರ ಇನ್ನೂ ಇಲ್ಲ, ಆದರೆ ಲೆಕ್ಕ ಯಾವ ಕಡೆ ಹೋಗುತ್ತಿದೆ ನೋಡಿ. ಅಣುಗಳ ಶಕ್ತಿ ಲೆಕ್ಕ ಹಾಕುವುದೂ ಹಾಗೇ: ಒಳಗೆ ಹಾಕುವ ಡೇಟಾ ಸ್ವಲ್ಪ, ಹೊರಬರುವುದು ಒಂದೇ ಸಂಖ್ಯೆ, ನಡುವಿನ ಲೆಕ್ಕ ಮಾತ್ರ ಭಯಂಕರ.

ಮೆಷಿನ್ ಲರ್ನಿಂಗ್‌ನಲ್ಲಿ ಘಾತೀಯ (ಡೇಟಾ ಬೆಳೆದಂತೆ ಅಂತರ ಬೆಟ್ಟದಂತೆ ಬೆಳೆಯುವ) ವೇಗ ಅಂದವರ ಮಾತಿಗೆ ಮಾತ್ರ ಸ್ವಲ್ಪ ತಡೆಯಿರಿ. ರೆಕಮೆಂಡೇಶನ್‌ಗೆ ಅಂಥ ಒಂದು ಕ್ವಾಂಟಂ ಅಲ್ಗಾರಿದಂ ಇತ್ತು. ಅದಕ್ಕೆ ಸಾಟಿಯಾದ ಮಾಮೂಲಿ ಅಲ್ಗಾರಿದಂ ಇಲ್ಲ ಅಂತ ಸಾಧಿಸಲು ಹೊರಟ ಎವಿನ್ ಟ್ಯಾಂಗ್ ಎಂಬ ಪದವಿ ವಿದ್ಯಾರ್ಥಿನಿ, 2018ರಲ್ಲಿ ಅಂಥದ್ದೊಂದನ್ನು ಕಂಡುಹಿಡಿದೇಬಿಟ್ಟರು. ಘಾತೀಯ ಅಂತರ ಅಲ್ಲೇ ಹೋಯಿತು.

ಕಾಫಿಪುಡಿ:
ಇಂಡೆಕ್ಸ್ ಹಾಕಿದೆ ಸರ್, ಟೀ ಸಮಯ ಹೋಯಿತು. ಹಾಗಾದರೆ ಸರ್ವರ್‌ನಲ್ಲಿ ಈಗಲೇ ಏನಾದರೂ ಬದಲಾಯಿಸಬೇಕಾ? ಡೇಟಾ ಗೂಢಲಿಪಿಗೆ ಎಇಎಸ್-128 (128 ಬಿಟ್ ಕೀ) ಇದೆ.

ಸಂಜೆಮಳೆ:
ಎಇಎಸ್ ಬಿಡಿ. ಅದಕ್ಕೆ ಬಳಸಬೇಕಾದ್ದು ಗ್ರೋವರ್, ಸುತ್ತಿಗೆ ಒಂದೇ ಮೈಕ್ರೋಸೆಕೆಂಡ್ ಅಂದರೂ ಒಂದು ಯಂತ್ರಕ್ಕೆ ನಾಲ್ಕು ಲಕ್ಷ ವರ್ಷ ದಾಟುತ್ತೆ. ನೋಡಬೇಕಾದ್ದು ಕೀ ವಿನಿಮಯ, ಅಂದರೆ ಸಂಪರ್ಕದ ಆರಂಭದಲ್ಲಿ ಎರಡೂ ಕಡೆಯವರು ಗುಟ್ಟಿನ ಕೀ ಒಪ್ಪಿಕೊಳ್ಳುವ ಹಂತ. ಇವತ್ತಿನ ಟ್ರಾಫಿಕ್ ಕದ್ದಿಟ್ಟುಕೊಂಡು ಮುಂದೆ ಶೋರ್‌ನಿಂದ ಬಿಚ್ಚಬಹುದು. ಎನ್‌ಐಎಸ್‌ಟಿ (ಅಮೆರಿಕದ ಮಾನದಂಡ ಸಂಸ್ಥೆ) 2024ರ ಆಗಸ್ಟ್‌ನಲ್ಲೇ ಕ್ವಾಂಟಂಗೆ ಬಗ್ಗದ ಹೊಸ ಮಾನದಂಡ ಕೊಟ್ಟಿದೆ, ಓಪನ್‌ಎಸ್‌ಎಸ್‌ಎಲ್ (ಸರ್ವರ್‌ನ ಗೂಢಲಿಪಿ ಲೈಬ್ರರಿ) 3.5ರಲ್ಲಿ ಆ ಹೊಸ ಕೀ ವಿನಿಮಯ ವಿಧಾನ ಎಂಎಲ್-ಕೆಇಎಂ ಇದೆ. ನಿಮ್ಮದು ಯಾವ ವರ್ಷನ್?

ಕಾಫಿಪುಡಿ:
1.1.1. ಬೈಬೇಡಿ.