ಮೊದಲ ಸ್ಕ್ಯಾನ್‌ನಲ್ಲಿ ಹೃದಯ ಬಡಿತ ಕಾಣಲಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ:
ಅಕ್ಕಂದಿರೇ, ಇದು ನನ್ನ ಚೊಚ್ಚಲ ಬಸಿರು. ಕೊನೆಯ ಮುಟ್ಟಿನ ಲೆಕ್ಕದಲ್ಲಿ 6 ವಾರ 4 ದಿನ ಆಗಿದೆ. ನಿನ್ನೆಯ ವರದಿಯಲ್ಲಿ ಗರ್ಭಚೀಲ 8 ಮಿ.ಮೀ., ಯೋಕ್ ಸ್ಯಾಕ್ (ಭ್ರೂಣಕ್ಕೆ ಮೊದಮೊದಲು ಪೋಷಣೆ ಕೊಡುವ ಪುಟ್ಟ ಚೀಲ) ಕಂಡಿದೆ, 5 ವಾರ 3 ದಿನದ ಬೆಳವಣಿಗೆ ಎಂದಿದೆ. ಭ್ರೂಣವಾಗಲಿ, ಬಡಿತವಾಗಲಿ ಕಾಣಲಿಲ್ಲ. ಎರಡು ವಾರ ಬಿಟ್ಟು ಬರಲು ಹೇಳಿದ್ದಾರೆ. ರಾತ್ರಿ ನಿದ್ದೆ ಹತ್ತಲಿಲ್ಲ.

ಉತ್ತರ 1:
ತಂಗಿ, ನಾಲ್ಕು ವರ್ಷಗಳ ಹಿಂದೆ ಇಂಥದೇ ವರದಿ ನನ್ನ ಕೈಗೂ ಬಂದಿತ್ತು. ನಿಮಗೆ ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುತ್ತದೆ ಎಂಬುದನ್ನು ನೀವು ಬರೆದಿಲ್ಲ. ಮೊದಲು ನೋಡಬೇಕಾದದ್ದು ಅದನ್ನೇ. ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ, 28 ದಿನಗಳ ಚಕ್ರವೆಂದು ಭಾವಿಸಿ ಎಣಿಸುತ್ತಾರೆ. ನನಗೆ 36–38 ದಿನಕ್ಕೊಮ್ಮೆ ಮುಟ್ಟಾಗುತ್ತಿದ್ದುದರಿಂದ ಅಂಡ ಬಿಡುಗಡೆಯಾದದ್ದೇ ತಡವಾಗಿ. ಹೀಗಾಗಿ ಕ್ಯಾಲೆಂಡರಿನಲ್ಲಿ 7 ವಾರ ತುಂಬಿದ್ದರೂ ಬೆಳವಣಿಗೆ ಐದೂವರೆ ವಾರದ್ದಾಗಿತ್ತು. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಸುಮಾರು 5ನೇ ವಾರಕ್ಕೆ ಚೀಲ, ಐದೂವರೆಗೆ ಯೋಕ್ ಸ್ಯಾಕ್, 6 ವಾರದ ಹೊತ್ತಿಗೆ ಭ್ರೂಣ ಮತ್ತು ಬಡಿತ ಕಾಣತೊಡಗುತ್ತವೆ. 8 ಮಿ.ಮೀ. ಚೀಲದಲ್ಲಿ ಭ್ರೂಣ ಕಾಣದಿರುವುದು ಸಹಜ. ಆದರೆ ನಿಮ್ಮ ಮುಟ್ಟು 28 ದಿನಕ್ಕೆ ತಪ್ಪದೆ ಆಗುತ್ತಿದ್ದರೆ ಆ ಒಂದು ವಾರದ ಅಂತರವನ್ನು ಡಾಕ್ಟರಿಗೆ ತಿಳಿಸಿ. ಆಗಲೂ ತೀರ್ಮಾನ ಮರುಸ್ಕ್ಯಾನ್ ಆದ ಮೇಲೆಯೇ.

ನನಗೆ 12 ದಿನ ಬಿಟ್ಟು ಮತ್ತೆ ನೋಡಿದರು. ಡಾಕ್ಟರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಕಪ್ಪು ಚೀಲದ ಅಂಚಿಗೆ ಅಂಟಿಕೊಂಡ ಬಿಳಿ ಕಾಳಿನಂಥದ್ದರ ನಡುವೆ ಏನೋ ಮಿಣುಕುತ್ತಿತ್ತು. ಸಿಆರ್‌ಎಲ್, ಅಂದರೆ ತಲೆಯಿಂದ ಪೃಷ್ಠದವರೆಗಿನ ಉದ್ದ, 11 ಮಿ.ಮೀ. ಇತ್ತು. ಆ ಅಳತೆಯ ಮೇಲೆಯೇ ಹೆರಿಗೆ ದಿನಾಂಕವನ್ನು ಬದಲಿಸಿ ಬರೆದರು.

ಉತ್ತರ 2:
ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಯೋಕ್ ಸ್ಯಾಕ್ ಗರ್ಭಕೋಶದೊಳಗೇ ಕಂಡಿದ್ದರೆ ಗರ್ಭವು ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಂತಿದೆಯೇನೋ ಎಂಬ ಭಯ ಬಹುಮಟ್ಟಿಗೆ ಕಳೆಯುತ್ತದೆ. ಆದರೂ ಹೆಚ್ಚು ರಕ್ತಸ್ರಾವ, ಒಂದೇ ಬದಿಯ ತೀವ್ರ ಹೊಟ್ಟೆನೋವು, ಭುಜದ ತುದಿಯ ನೋವು, ತಲೆ ಸುತ್ತಿ ಬೀಳುವಂತಾಗುವುದು, ಇವುಗಳಲ್ಲಿ ಯಾವುದೇ ಬಂದರೂ ಎರಡು ವಾರ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ಒಳಗಿನಿಂದ ಮಾಡುವ ಸ್ಕ್ಯಾನ್‌ಗೆ ಮೂತ್ರ ಮಾಡಿಕೊಂಡು ಹೋಗಬೇಕು; ಹೊಟ್ಟೆಯ ಮೇಲಿನಿಂದ ನೋಡುವುದಾದರೆ ನೀರು ಕುಡಿದು ಮೂತ್ರಕೋಶ ತುಂಬಿರಬೇಕು.

ಉತ್ತರ 3:
ನನ್ನದು ಬೇರೆ ಬಗೆಯ ಅನುಭವ, ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ನನ್ನ ಮೊದಲ ಸ್ಕ್ಯಾನ್‌ನಲ್ಲಿ 16 ಮಿ.ಮೀ. ಚೀಲವಿತ್ತು, ಯೋಕ್ ಸ್ಯಾಕ್ ಇರಲಿಲ್ಲ. ಮನೆಯವರು ಅವತ್ತೇ ಮಾತ್ರೆ ತೆಗೆದುಕೊಂಡು ಮುಗಿಸಿಬಿಡು ಎಂದರು. ಡಾಕ್ಟರು ಒಪ್ಪಲಿಲ್ಲ: ಚೀಲ 25 ಮಿ.ಮೀ. ಮುಟ್ಟಿಯೂ ಭ್ರೂಣವಿಲ್ಲದಿದ್ದರೆ, ಇಲ್ಲವೇ ಭ್ರೂಣ 7 ಮಿ.ಮೀ. ಆಗಿಯೂ ಬಡಿತವಿಲ್ಲದಿದ್ದರೆ ಮಾತ್ರ ಒಂದೇ ಸ್ಕ್ಯಾನ್‌ನಲ್ಲಿ ಗರ್ಭ ನಿಂತಿಲ್ಲವೆಂದು ಹೇಳಬಹುದು, ಉಳಿದಂತೆ ಕಾಯಲೇಬೇಕು ಎಂದು ತಿಳಿಸಿ ಹೇಳಿದರು. 14 ದಿನಗಳ ನಂತರವೂ ಚೀಲ ಬರಿದಾಗಿಯೇ ಇತ್ತು. ತುಂಬಾ ಅತ್ತೆ. ಆದರೆ ಅವಸರಪಟ್ಟು ಜೀವವಿದ್ದದ್ದನ್ನು ಕಳೆದುಕೊಂಡೆನೇನೋ ಎಂಬ ಕೊರಗು ನನಗೆ ಒಂದು ದಿನವೂ ಬರಲಿಲ್ಲ. ಮುಂದಿನ ಸಲ ಹೋಗುವಾಗ ನಿನ್ನೆಯ ವರದಿಯನ್ನು ಮರೆಯದೆ ಒಯ್ಯಿರಿ. ಎರಡು ಅಳತೆಗಳನ್ನು ಪಕ್ಕದಲ್ಲಿಟ್ಟು ನೋಡಿದರೇನೇ ಬೆಳವಣಿಗೆ ತಿಳಿಯುವುದು. ಒಬ್ಬರೇ ಹೋಗಬೇಡಿ.