ಹಳೇ ಕಾರಿನ ಕೂಲಂಟ್ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ, ನೆಲದಲ್ಲಿ ಒಂದು ಹನಿಯೂ ಇಲ್ಲ

ಶಂಕರಪುರ ಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ನಮ್ಮದು 2005ರ ಮಾಡೆಲ್ ಸಣ್ಣ ಪೆಟ್ರೋಲ್ ಕಾರು, 1,12,000 ಕಿಲೋಮೀಟರ್ ಓಡಿದೆ. ಯಾವ ಕಂಪನಿಯದ್ದು ಅಂತ ಬರೆಯುವುದಿಲ್ಲ, ಇಷ್ಟು ವಯಸ್ಸಾದ ಮೇಲೆ ಯಾವ ಕಾರಿಗೂ ಬರುವ ಕಾಯಿಲೆಯೇ ಇದು. ಮಾವ ಮಲ್ಲಿಗೆಯ ದುಡ್ಡಿನಲ್ಲೇ ತೆಗೆದ ಕಾರು. ಅವರು ಹೋಗಿ ಆರು ವರ್ಷ ಆಯಿತು, ಈಗ ಓಡಿಸುವುದು ನಾನು. ನಮ್ಮ ಹೂವು, ಆಚೆ ಮನೆ ಅಕ್ಕನ ಹೂವು ಸೇರಿಸಿ ಕಟಪಾಡಿಯಾಗಿ ಉಡುಪಿಗೆ ಮುಟ್ಟಿಸಿ ಬರುತ್ತೇನೆ. ದಿನಕ್ಕೆ ಹೋಗಿ ಬಂದು 25 ಕಿಲೋಮೀಟರ್ ಹತ್ತಿರ.

ತೊಂದರೆ ಏನೆಂದರೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಬಾಟಲಿಯಲ್ಲಿ ಇಳಿಯುತ್ತಾ ಇದೆ. ಒಮ್ಮೆಲೇ ಅಲ್ಲ. ಮೇ ತಿಂಗಳಲ್ಲಿ ಫುಲ್ ಗೆರೆಗೆ ತುಂಬಿಸಿದ್ದು ಹದಿನೈದು ದಿನಕ್ಕೆ ಲೋ ಗೆರೆಗೆ ಬಂತು. ಮತ್ತೆ ತುಂಬಿಸಿದೆ, ಮತ್ತೆ ಇಳಿಯಿತು. ಮಳೆ ಶುರುವಾದ ಮೇಲೆ ಅಂಗಳವೆಲ್ಲ ನೀರೇ ಆದ ಕಾರಣ ಏನೂ ತಿಳಿಯುವುದಿಲ್ಲ ಅಂತ ಕಾರನ್ನು ಶೆಡ್ಡಿನ ಒಳಗೆ ನಿಲ್ಲಿಸಿ, ಅಡಿಗೆ ರಟ್ಟು ಹಾಸಿ ನೋಡಿದೆ. ಎಸಿ ನೀರಿನ ಒಂದು ಕಲೆ ಬಿಟ್ಟರೆ ರಟ್ಟು ಒಣಗಿಯೇ ಇತ್ತು.

ವಾಸನೆಯ ವಿಷಯವೂ ಹೇಳಬೇಕು. ಕೂಲಂಟ್ ಸೋರಿದರೆ ಸಿಹಿ ವಾಸನೆ ಬರುತ್ತದೆ ಅಂತಾರೆ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ದಿನಾ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ. ಆ ಪರಿಮಳದ ಅಡಿಯಲ್ಲಿ ಇದು ಎಷ್ಟು ದಿನದಿಂದ ಅಡಗಿತ್ತೋ ಗೊತ್ತಿಲ್ಲ. ಒಂದು ದಿನ ಹೂವಿಲ್ಲದೆ ಹೊರಟಾಗ ಬೋನೆಟ್ ಕಡೆಯಿಂದ ಬೆಲ್ಲದ ಪಾಕ ಕಾಯಿಸಿದ ಹಾಗೆ ವಾಸನೆ ಬಂತು. ಆಗಲೇ ನನಗೆ ಇದು ಸುಮ್ಮನೆ ಆವಿಯಾಗಿ ಹೋಗುತ್ತಿರುವುದಲ್ಲ ಅಂತ ಗಟ್ಟಿಯಾದದ್ದು.

ಆಮೇಲೆ ಲೆಕ್ಕ ಇಡಲು ಶುರು ಮಾಡಿದೆ. ಬಾಟಲಿಗೆ ಉದ್ದಕ್ಕೆ ಬಿಳಿ ಟೇಪು ಅಂಟಿಸಿ, ಸ್ಕೇಲಿಟ್ಟು ಮಿಲಿಮೀಟರ್ ಗೆರೆ ಹಾಕಿದ್ದೇನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಕಾರು ಅದೇ ಜಾಗದಲ್ಲಿ ನಿಂತಿರುವಾಗ ಮಾತ್ರ ನೋಡುತ್ತೇನೆ. ಉಡುಪಿಗೆ ಮಾತ್ರ ಹೋದ ದಿನ 2 ಅಥವಾ 3 ಮಿಲಿಮೀಟರ್. ಮಂಗಳೂರಿಗೆ ಹೋಗಿ ಬಂದ ದಿನ 9. ಕಾರು ತೆಗೆಯದ ದಿನ ಸೊನ್ನೆ. ಆ ಮಂಗಳೂರಿನ ದಿನ ನಂತೂರು ಸರ್ಕಲ್‌ನಲ್ಲಿ ಟ್ರಾಫಿಕ್‌ಗೆ ಸಿಕ್ಕಿದಾಗ ಟೆಂಪರೇಚರ್ ಸೂಜಿ ಯಾವಾಗಲೂ ನಿಲ್ಲುವ ಜಾಗಕ್ಕಿಂತ ಒಂದು ಕಡ್ಡಿ ಮೇಲೆ ಹೋಯಿತು, ಹೊರಟ ಕೂಡಲೇ ಇಳಿಯಿತು.

ಒಂದು ಗ್ಯಾರೇಜಿಗೆ ಮೂರು ಸಲ ಹೋದೆ. ಮೊದಲ ಸಲ ರೇಡಿಯೇಟರ್ ಕ್ಯಾಪ್ ಬದಲಿಸಿದರು. ಎರಡನೇ ಸಲ ಹೋಸ್ ಕ್ಲಿಪ್ ಬಿಗಿ ಮಾಡಿದರು. ಮೂರನೇ ಸಲ ಬೋನೆಟ್ ಎತ್ತಿ ಎರಡು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, 22 ಸಾವಿರ ಆಗ್ತದೆ" ಅಂದರು. ಏನು ನೋಡಿ ಹಾಗೆ ಹೇಳಿದಿರಿ ಅಂತ ಕೇಳಿದರೆ ಉತ್ತರ ಇಲ್ಲ. ಹೆಡ್ ಗ್ಯಾಸ್ಕೆಟ್ ಅಂದರೆ ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಅದು ಹೋದರೆ ಕೂಲಂಟ್ ಸಿಲಿಂಡರಿಗೋ ಆಯಿಲಿಗೋ ಸೇರಬಹುದಂತೆ. ಆದರೆ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಇಲ್ಲ. ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಆಯಿಲ್ ಬಣ್ಣದಲ್ಲೇ ಇದೆ, ಹಾಲು ಬೆರೆಸಿದ ಹಾಗೆ ಆಗಿಲ್ಲ. ಮಳೆಗಾಲದಲ್ಲಿ ಹೂವು ಕಡಿಮೆ, 22 ಸಾವಿರ ಸಣ್ಣ ಮೊತ್ತ ಅಲ್ಲ. ಕೊಡಬೇಕಾದರೆ ಕೊಡುತ್ತೇನೆ, ಆದರೆ ಅಲ್ಲಿಯೇ ಸೋರುತ್ತಿದೆ ಅಂತ ನನ್ನ ಕಣ್ಣಿಗೆ ಕಾಣಬೇಕು. ಹೇಗೆ ಹುಡುಕುವುದು? ಅನುಭವ ಇದ್ದವರು ಹೇಳಿ.

ಬೈಕಂಪಾಡಿ ಫಿಟ್ಟರ್:

ಅಕ್ಕ, ನೀವು ಟೇಪು ಅಂಟಿಸಿ ಬರೆದಿಟ್ಟ ಲೆಕ್ಕದಲ್ಲೇ ಅರ್ಧ ಉತ್ತರ ಉಂಟು. ಕಾರು ನಿಂತ ದಿನ ಸೊನ್ನೆ, ದೂರ ಓಡಿದ ದಿನ ಜಾಸ್ತಿ. ಅಂದ್ರೆ ಪ್ರೆಶರ್ ಬಂದಾಗ ಮಾತ್ರ ಹೋಗುವ ಲೀಕ್. ಬಿಸಿ ಎಂಜಿನ್ ಮೇಲೆ ಒಂದೊಂದೇ ಹನಿ ಬಿದ್ದರೆ ನೆಲಕ್ಕೆ ಮುಟ್ಟುವ ಮೊದಲೇ ಒಣಗಿ ಹೋಗ್ತದೆ. ರಟ್ಟು ಹಾಸಿದ್ರೂ ಸಿಗುವುದಿಲ್ಲ.

ಎಂಜಿನ್ ಬಿಚ್ಚುವ ಮಾತು ಈಗ ಬೇಡ. ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ. ಸೈಕಲ್ ಪಂಪಿನ ಹಾಗೆ ಕೈಯಲ್ಲಿ ಹೊಡೆಯುವ ಪಂಪು, ಅದಕ್ಕೊಂದು ಗೇಜು. ಎಂಜಿನ್ ಪೂರಾ ತಣ್ಣಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆದು ಅಲ್ಲಿ ಕೂರಿಸುವುದು. ನಿಮ್ಮ ಕ್ಯಾಪಿನ ಮೇಲೆ 0.9 ಅಂತ ಬರೆದಿದ್ದರೆ ಅಷ್ಟೇ ಬಾರ್ ಹೊಡೀಬೇಕು, ಹಳೇ ರೇಡಿಯೇಟರಿಗೆ ಅದಕ್ಕಿಂತ ಜಾಸ್ತಿ ಕೊಟ್ಟರೆ ಒಡೆದು ಹೋಗ್ತದೆ. ಹತ್ತು ಹದಿನೈದು ನಿಮಿಷ ಸೂಜಿ ಅಲ್ಲೇ ನಿಂತ್ರೆ ಲೀಕ್ ಇಲ್ಲ ಅಥವಾ ಬಿಸಿ ಆದಾಗ ಮಾತ್ರ ಬಾಯಿ ಬಿಡ್ತದೆ. ಇಳಿದ್ರೆ ಟಾರ್ಚ್ ಹಿಡಿದು ಹುಡುಕುವುದು. ಎಂಜಿನ್ ತಣ್ಣಗಿರುವ ಕಾರಣ ಹನಿ ಒಣಗುವುದಿಲ್ಲ, ಕಣ್ಣಿಗೆ ಸಿಗ್ತದೆ.

ಎಲ್ಲಿ ನೋಡುವುದು ಅಂದ್ರೆ, ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಉಂಟು. ಅದು ಬಿಟ್ಟದ್ದೇ ಅದಕ್ಕೆ: ಒಳಗಿನ ಸೀಲ್ ಹೋದ್ರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬರಲಿ ಅಂತ. ಅಲ್ಲಿ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ರೆ ಪಂಪು ಹೋಗಿದೆ ಅಂತ ಲೆಕ್ಕ. ಹೋಸ್ ಬಾಯಿ, ಥರ್ಮೋಸ್ಟಾಟ್ (ಬಿಸಿ ಆದಾಗ ನೀರಿಗೆ ದಾರಿ ಬಿಡುವ ವಾಲ್ವ್) ಕೂರುವ ಗೂಡಿನ ಸುತ್ತ, ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಮ್ಮಿಗೆ ಸೇರುವ ಅಂಚು, ಎಲ್ಲಾ ಕಡೆ ಅದೇ ಹುಡಿ ಹುಡುಕಿ. ನೀರು ಆವಿ ಆಗ್ತದೆ, ಬಣ್ಣ ಅಲ್ಲೇ ಉಳಿಯುತ್ತದೆ.

ನಮ್ಮ ಕರಾವಳಿ ಗಾಡಿಗಳಲ್ಲಿ ನಾನು ಮೊದಲು ಕೈ ಹಾಕುವುದು ಮಾತ್ರ ಬೇರೆ ಜಾಗಕ್ಕೆ. ಹಳೇ ಸಣ್ಣ ಕಾರುಗಳಲ್ಲಿ ಎಂಜಿನ್ ಹಿಂದೆ ಒಂದು ಸ್ಟೀಲ್ ನೀರಿನ ಪೈಪ್ ಹೋಗ್ತದೆ. ಅದನ್ನು ಬ್ಲಾಕಿಗೆ ಹಿಡಿದಿಡಲು ಒಂದು ಪಟ್ಟಿ. ಆ ಪಟ್ಟಿಯ ಸಂದಿನಲ್ಲಿ ಮಣ್ಣು ಕೂತು, ಮಳೆ ನೀರು ಕೂತು, ಉಪ್ಪು ಗಾಳಿ ಸೇರಿ ಒಳಗಿಂದೊಳಗೇ ತುಕ್ಕು ತಿಂತದೆ. ಮೇಲಿಂದ ನೋಡಿದ್ರೆ ಕಾಣುವುದೇ ಇಲ್ಲ.

ಹೆಡ್ ಗ್ಯಾಸ್ಕೆಟ್ ಅನುಮಾನಕ್ಕೆ ಮನೆಯಲ್ಲೇ ಒಂದು ಪರೀಕ್ಷೆ: ಬೆಳಿಗ್ಗೆ ತಣ್ಣಗೆ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಒತ್ತಿ ನೋಡಿ. ಎಂಜಿನ್ ಇನ್ನೂ ಬಿಸಿ ಆಗದೆ ಒಂದು ನಿಮಿಷದೊಳಗೆ ಹೋಸ್ ಕಲ್ಲಿನ ಹಾಗೆ ಗಟ್ಟಿ ಆದ್ರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಾ ಉಂಟು. ಮೆತ್ತಗೇ ಇದ್ರೆ ಒಳ್ಳೆಯ ಲಕ್ಷಣ.

ಕುಂದಾಪ್ರ ಟೆಂಪೋ:

ಹ್ವಾಯ್, ನಮ್ಮ ಟೆಂಪೋದ ರೇಡಿಯೇಟರ್ ಒಮ್ಮೆ ಹೆಮ್ಮಾಡಿ ಹತ್ರ ಸೋರಿದಾಗ ಎರಡು ಮುಷ್ಟಿ ಅರಶಿನ ಹುಡಿ ಹಾಕಿ ಬೈಂದೂರು ಮುಟ್ಟಿಸಿದ್ದೆ ಕಾಣಿ. ಹುಡಿ ಹೋಗಿ ತೂತಿಗೆ ಕಚ್ಚಿ ನಿಂತಿತ್ತು. ಆಮೇಲೆ ಎರಡು ತಿಂಗಳು ಹಾಗೇ ಓಡಿತು. ಅಕ್ಕನಿಗೆ 22 ಸಾವಿರ ಉಳಿಯುತ್ತದೆ ಅಂತ ಹೇಳಿದೆ. ಅಂಗಡಿಯಲ್ಲಿ ಸ್ಟಾಪ್ ಲೀಕ್ ಡಬ್ಬಿಯೂ ಸಿಗುತ್ತದೆ.

ಬೈಕಂಪಾಡಿ ಫಿಟ್ಟರ್:

ಟೆಂಪೋ ಅಣ್ಣ, ರಾತ್ರಿ ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಮುಟ್ಟಲಿಕ್ಕೆ ಅದು ಸರಿ, ನಾನೂ ಹಾಕಿದ್ದೇನೆ. ದಿನಾ ಓಡಿಸುವ ಕಾರಿಗೆ ಬೇಡ. ಆ ಹುಡಿಗೆ ತೂತು ಯಾವುದು, ದಾರಿ ಯಾವುದು ಅಂತ ಗೊತ್ತಿಲ್ಲ. ಕಾರಿನ ಒಳಗೆ ಬಿಸಿ ಗಾಳಿ ಕೊಡುವ ಹೀಟರ್ ಕೋರಿನ ಸಪೂರ ನಳಿಗೆಗಳಲ್ಲಿ, ರೇಡಿಯೇಟರಿನ ನಳಿಗೆಗಳಲ್ಲಿ ಹೋಗಿ ಕೂರ್ತದೆ. ಲೀಕ್ ನಿಂತು ಎಂಜಿನ್ ಬಿಸಿ ಆಗಲು ಶುರು ಆದ್ರೆ ಆಗ ನಿಜವಾಗಿಯೂ ಹೆಡ್ ಗ್ಯಾಸ್ಕೆಟ್ ಹೋಗ್ತದೆ.

ಮಣಿಪಾಲ ಓದುಗ:

ಫಿಟ್ಟರ್ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ ಮೇಡಂ. ಪ್ರೆಶರ್ ಇಳಿದು ಹೊರಗೆ ಎಲ್ಲಿಯೂ ಹನಿ ಸಿಗದಿದ್ದರೆ ಮುಂದಿನ ಸೀಟಿನ ಕಾಲಡಿಯ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಹೀಟರ್ ಕೋರ್ ಸೋರಿದರೆ ಅಲ್ಲಿ ಅಂಟು ಅಂಟು ಆಗುತ್ತದೆ, ಮುಂದಿನ ಗಾಜಿನ ಒಳಬದಿ ಜಿಡ್ಡಿನ ಮಂಜು ಹಿಡಿಯುತ್ತದೆ. ಅಲ್ಲಿಯೂ ಇಲ್ಲದಿದ್ದರೆ ಆಗ ಹೆಡ್ ಗ್ಯಾಸ್ಕೆಟ್. ಅದಕ್ಕೂ ಬಿಚ್ಚದೆ ನೋಡುವ ಪರೀಕ್ಷೆ ಇದೆ: ರೇಡಿಯೇಟರ್ ಬಾಯಿಯ ಗಾಳಿಯನ್ನು ಒಂದು ನೀಲಿ ದ್ರಾವಣದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಸೇರಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. 22 ಸಾವಿರ ಕೇಳುವವರು ಈ ಹಳದಿಯನ್ನು ತೋರಿಸಿ ಕೇಳಲಿ.

ಇನ್ನೊಂದು, ಇದು ದೊಡ್ಡ ವಿಷಯ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಬೆಕ್ಕು, ನಾಯಿ ಸ್ವಲ್ಪ ನೆಕ್ಕಿದರೂ ಕಿಡ್ನಿ ಹೋಗುತ್ತದೆ. ಆ ರಟ್ಟನ್ನು ಶೆಡ್ಡಿನಲ್ಲಿ ಹಾಗೇ ಬಿಡಬೇಡಿ.

ಶಂಕರಪುರ ಮಲ್ಲಿಗೆ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಓದಿದ ರಾತ್ರಿಯೇ ರಟ್ಟು ತೆಗೆದೆ, ನಮ್ಮಲ್ಲಿ ಮೂರು ಬೆಕ್ಕು ಇವೆ. ಮರುದಿನ ಬೆಳಿಗ್ಗೆ ಹೋಸ್ ಒತ್ತಿ ನೋಡಿದೆ, ಎರಡು ನಿಮಿಷ ಆದರೂ ಮೆತ್ತಗೇ ಇತ್ತು. ಮ್ಯಾಟ್ ಒಣಗಿತ್ತು. ಆ ಧೈರ್ಯದಲ್ಲಿ ಬೇರೆ ಗ್ಯಾರೇಜಿಗೆ ಹೋದೆ. ಒಬ್ಬರೇ ಕೆಲಸ ಮಾಡುವ ಸಣ್ಣ ಗ್ಯಾರೇಜು, ಆದರೆ ಪಂಪು ಇತ್ತು. ತಣ್ಣಗಾಗಬೇಕು ಅಂತ ಕಾರನ್ನು ಹಿಂದಿನ ದಿನ ಸಂಜೆಯೇ ಅಲ್ಲಿ ಬಿಟ್ಟು ಬಸ್ಸಿನಲ್ಲಿ ಬಂದಿದ್ದೆ.

ಬೆಳಿಗ್ಗೆ ಅವರು ಪಂಪು ಹೊಡೆದು 0.9ಕ್ಕೆ ನಿಲ್ಲಿಸಿದರು. ಇಬ್ಬರೂ ಸುಮ್ಮನೆ ಗೇಜು ನೋಡುತ್ತಾ ನಿಂತೆವು. ಹತ್ತು ನಿಮಿಷಕ್ಕೆ 0.7. ವಾಟರ್ ಪಂಪಿನ ತೂತು ಒಣಗಿತ್ತು, ಹೋಸ್ ಬಾಯಿಗಳೂ ಒಣಗಿದ್ದವು. ನಾನು ಫಿಟ್ಟರ್ ಅಣ್ಣ ಬರೆದ ಸ್ಟೀಲ್ ಪೈಪಿನ ಮಾತು ಹೇಳಿದೆ. ಮೇಲಿಂದ ಅದು ಕಾಣುವುದೇ ಇಲ್ಲ, ಎಂಜಿನ್ ಮತ್ತು ಹಿಂದಿನ ತಗಡಿನ ನಡುವೆ ಕೈ ಹೋಗುವಷ್ಟೇ ಜಾಗ. ನನ್ನ ಬ್ಯಾಗಿನಲ್ಲಿ ಕುಂಕುಮದ ಡಬ್ಬಿಯ ಕನ್ನಡಿ ಇತ್ತು. ಅದನ್ನು ಒಂದು ಕಡ್ಡಿಗೆ ಟೇಪಿನಲ್ಲಿ ಸುತ್ತಿ ಅವರು ಕೆಳಗೆ ಇಳಿಸಿದರು, ನಾನು ಟಾರ್ಚ್ ಹಿಡಿದೆ. ಮೊದಲು ಬರೀ ಕಪ್ಪು ಮಣ್ಣು. ಆಮೇಲೆ ಪಟ್ಟಿಯ ಅಡಿ ಅಂಚಿನಲ್ಲಿ ಮಣ್ಣಿನ ಮೇಲೆ ಹಸಿರು ಹುಡಿಯ ಒಂದು ಗೆರೆ. ಆ ಗೆರೆಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ಹನಿ ಬೆಳೆಯುತ್ತಾ ಬಂತು. ಬೀಳಲೇ ಇಲ್ಲ. ಮಣ್ಣಿಗೇ ಇಂಗಿತು, ಹಿಂದೆಯೇ ಮತ್ತೊಂದು ಬಂತು. ಎರಡು ತಿಂಗಳಿನಿಂದ ಹುಡುಕುತ್ತಿದ್ದದ್ದು ಇದು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಪೈಪ್ ಬಿಚ್ಚಿದ ಮೇಲೆ ಪಟ್ಟಿ ಕೂರುತ್ತಿದ್ದ ಜಾಗವನ್ನು ಸ್ಕ್ರೂ ಡ್ರೈವರ್ ತುದಿಯಲ್ಲಿ ಮೆಲ್ಲ ಒತ್ತಿದರು, ಅದು ಹಪ್ಪಳದ ಹಾಗೆ ಒಳಗೆ ಹೋಯಿತು. ಉಳಿದ ಪೈಪೆಲ್ಲ ಗಟ್ಟಿ ಇತ್ತು. ಇನ್ನೊಂದು ಮಳೆಗಾಲ ಬಿಟ್ಟಿದ್ದರೆ ಹೈವೇಯಲ್ಲಿ ಒಮ್ಮೆಲೇ ಒಡೆಯುತ್ತಿತ್ತು ಅಂದರು.

ವೆಲ್ಡ್ ಮಾಡಿಸಬಹುದಾ ಅಂತ ಕೇಳಿದೆ. ಇಷ್ಟು ತೆಳ್ಳಗಾದ ತಗಡಿಗೆ ವೆಲ್ಡ್ ನಿಲ್ಲುವುದಿಲ್ಲ ಅಂತ ಹೊಸ ಪೈಪೇ ತರಿಸಿದರು. ಅದು ಎಂಜಿನ್ನಿಗೆ ಸೇರುವಲ್ಲಿ ಓ ರಿಂಗ್ ಹೊಸದು. ಅದಕ್ಕೆ ಗ್ರೀಸ್ ಹಚ್ಚಲಿಲ್ಲ, ಗ್ರೀಸಿಗೆ ಆ ರಬ್ಬರ್ ಉಬ್ಬುತ್ತದಂತೆ, ಕೂಲಂಟ್‌ನಲ್ಲೇ ಅದ್ದಿ ಕೂರಿಸಿದರು. ಅಷ್ಟು ಬಿಚ್ಚಿದ ಮೇಲೆ ಗಟ್ಟಿಯಾಗಿದ್ದ ಎರಡು ಹೋಸ್ ಕೂಡ ಬದಲಿಸಿದೆವು. ಪಟ್ಟಿ ಕೂರುವ ಜಾಗಕ್ಕೆ ಮೊದಲೇ ಎರಡು ಕೋಟ್ ಪೇಂಟ್ ಹೊಡೆದು ಒಣಗಿಸಿ ಹಾಕಿದರು. ಹಳೇ ಕೂಲಂಟ್ ತೋಡಿಗೆ ಬಿಡದೆ ಕ್ಯಾನಿಗೆ ಹಿಡಿದಿಟ್ಟರು. ಹೊಸದಕ್ಕೆ ಬಾವಿ ನೀರು ಬೆರೆಸಲಿಲ್ಲ, ಡಿಸ್ಟಿಲ್ಡ್ ವಾಟರ್ ತಂದು ಅರ್ಧಕ್ಕರ್ಧ. ಇಷ್ಟು ವರ್ಷ ನಾವು ಮನೆಯ ಬಾವಿ ನೀರನ್ನೇ ತುಂಬಿಸಿದ್ದು, ಬೇಸಿಗೆ ಕೊನೆಗೆ ನಮ್ಮ ಕಡೆ ಬಾವಿ ನೀರು ಸ್ವಲ್ಪ ಉಪ್ಪುಪ್ಪು. ಪೈಪಿನ ಒಳಗೂ ತುಕ್ಕಿನ ಪದರ ಇತ್ತು. ನಮ್ಮಲ್ಲಿ ಮಂಜುಗಡ್ಡೆ ಆಗುವ ಚಳಿ ಇಲ್ಲ, ಹಾಗಾಗಿ ಕೂಲಂಟ್ ಯಾಕೆ ಅಂತ ಕೇಳುವವರಿಗೆ ಆ ಪೈಪ್ ತೋರಿಸಬೇಕು. ತುಕ್ಕು ತಡೆಯುವ ಮದ್ದು ಇರುವುದು ಅದರಲ್ಲೇ.

ಕೂಲಂಟ್ ತುಂಬಿಸುವಾಗ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು, ಹೀಟರ್ ಪೂರಾ ಬಿಸಿಗೆ ತಿರುಗಿಸಿ, ಐಡಲ್‌ನಲ್ಲಿ ಬಿಟ್ಟು, ಆಗಾಗ ಹೋಸ್ ಒತ್ತುತ್ತಾ ಗುಳ್ಳೆ ನಿಲ್ಲುವವರೆಗೆ ಕಾದರು. ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೆ ಕ್ಯಾಪ್ ಹಾಕಿದ್ದು. ಎಲ್ಲಾ ಸೇರಿ 4,100 ರೂಪಾಯಿ.

ಇವತ್ತಿಗೆ ಹನ್ನೊಂದು ದಿನ. ಮೊದಲ ದಿನ 4 ಮಿಲಿಮೀಟರ್ ಇಳಿಯಿತು, ನನಗೆ ಎದೆ ಹೊಡೆದುಕೊಂಡಿತು. ಉಳಿದ ಗಾಳಿ ಹೋಗಿರಬೇಕು ಅಂದರು. ಅಷ್ಟು ತುಂಬಿಸಿದ ಮೇಲೆ ಇಳಿದಿಲ್ಲ, ನಡುವೆ ಒಮ್ಮೆ ಮಂಗಳೂರಿಗೂ ಹೋಗಿ ಬಂದೆ. ನಂತೂರಿನಲ್ಲಿ ಸೂಜಿ ಅದರ ಜಾಗದಲ್ಲೇ ನಿಂತಿತ್ತು.

ಬೈಕಂಪಾಡಿ ಫಿಟ್ಟರ್:

ಬಹಳ ಖುಷಿ ಆಯ್ತು ಅಕ್ಕ. ಪಟ್ಟಿಯ ಜಾಗಕ್ಕೆ ಪೇಂಟ್ ಹೊಡೆದ ಆ ಜನ ಕೆಲಸ ಗೊತ್ತಿದ್ದವರು, ಬಿಡಬೇಡಿ ಅವರನ್ನು. ಹೊಸ ಹೋಸ್ ನಾಲ್ಕೈದು ಸಲ ಬಿಸಿ ತಣ್ಣಗೆ ಆದ ಮೇಲೆ ಸ್ವಲ್ಪ ಕೂರ್ತದೆ, ಕ್ಲಿಪ್ ಸಡಿಲ ಆಗ್ತದೆ. ತಣ್ಣಗಿರುವಾಗ ಒಮ್ಮೆ ಸ್ಕ್ರೂ ಡ್ರೈವರ್ ಹಾಕಿ ನೋಡಿ. ಟೇಪು ಇನ್ನೊಂದು ತಿಂಗಳು ಹಾಗೇ ಇರಲಿ.

ಶಂಕರಪುರ ಮಲ್ಲಿಗೆ:

ಇವತ್ತು ಬೆಳಿಗ್ಗೆ ಹೂವು ತುಂಬುವ ಮೊದಲೇ ನೋಡಿದೆ ಅಣ್ಣ. ಮೇಲಿನ ಹೋಸ್ ಸರಿ ಇತ್ತು, ಕೆಳಗಿನದ್ದು ಅರ್ಧ ಸುತ್ತು ಹಿಡಿಯಿತು. ಬಾಟಲಿ ಫುಲ್ ಗೆರೆಯಲ್ಲೇ ಇದೆ.