ಕೀವಲ್ಲ ಅದು, ಗಾಬರಿ ಬ್ಯಾಡ

ಎಲ್ಲಾರಿಗೂ ನಮಸ್ಕಾರ್ರಿ. ಟೈಪ್ ಮಾಡಾಕ ಪುರಸೊತ್ತಿಲ್ಲ, ಅದಕ್ಕ ವಾಯ್ಸ್ ಹಾಕಾಕತ್ತೀನಿ. ಉದ್ದ ಆದ್ರ ಬೈಬ್ಯಾಡ್ರಿ. ಮುಂಜಾನೆ ನಮ್ಮ ಮೈದುನ ಬಂದು, ಇವರ ಬಾಯಾಗ ಟಾರ್ಚ್ ಬಿಟ್ಟು ನೋಡಿ, "ಅಣ್ಣನ ಗಂಟಲಾಗ ಕೀವು ತುಂಬೈತಿ, ಆಪರೇಷನ್ ಆಗಿ ವಾರ ಆದ್ರೂ ನೋವು ಹೆಚ್ಚಾಗೈತಿ, ಏನೋ ಕೆಟ್ಟೈತಿ" ಅಂತ ಫೋಟೋ ಸಮೇತ ಗ್ರೂಪಿಗೆ ಹಾಕ್ಯಾನ. ಆವಾಗಿಂದ ಫೋನ್ ಒಂದs ಸಮ ಬಡ್ಕೊಳ್ಳಾಕತ್ತೈತಿ. ತಮ್ಮಾ, ನಿನಗ ಬೈಯಾಕತ್ತಿಲ್ಲ, ನಿನ್ನ ಕಾಳಜಿ ನನಗ ಗೊತ್ತೈತಿ. ಆದ್ರ ಅದು ಕೀವಲ್ಲಪ್ಪ.

ಇವರಿಗೆ ನಿದ್ದಿಯಾಗ ಉಸಿರು ನಿಲ್ಲತಿತ್ತಲ್ಲ, ಅದಕ್ಕ ಏನು ಮಾಡ್ಯಾರ ಅಂದ್ರ, ಎರಡೂ ಕಡೆ ಟಾನ್ಸಿಲ್ ತೆಗದು, ಕಿರುನಾಲಿಗಿ ಮತ್ತ ಅಂಗುಳದ ಹಿಂದ ಜೋತು ಬಿದ್ದಿದ್ದ ಮೆತ್ತನ್ನ ಮಾಂಸ ಕತ್ತರಿಸಿ, ಹೊಲಿಗಿ ಹಾಕ್ಯಾರ. ಮೊಣಕಾಲು ತರಚಿದ್ರ ಮ್ಯಾಲ ಹಕ್ಕಳಿ ಕಟ್ತೈತಲ್ಲ, ಫೋಟೋದಾಗ ಕೀವಿನಂಗ ಕಾಣೋದೂ ಅದs. ಬಾಯಾಗ ಯಾವಾಗ್ಲೂ ಹಸಿ ಇರ್ತೈತಿ, ಒಣಗಿ ಕರ್ರಗಾಗಂಗಿಲ್ಲ, ಅದಕ್ಕ ಬೆಳ್ಳಗ, ಹಳದಿ ಹಳದಿ ಕಾಣ್ತೈತಿ. ಬಾಯಿ ವಾಸನಿನೂ ಬರ್ತೈತಿ. ಅದನ್ನ ಬೆರಳು ಹಾಕಿ, ಹತ್ತಿ ಹಾಕಿ ತಿಕ್ಕಬಾರದು. ಐದನೇ ದಿನದಿಂದ ಹತ್ತನೇ ದಿನದೊಳಗ ತಾನs ಬಿಡ್ತೈತಿ, ಬಿಡುವಾಗ ನೋವು ಹೆಚ್ಚಾಗ್ತೈತಿ ಅಂತ ಡಾಕ್ಟರ್ ಡಿಸ್ಚಾರ್ಜ್ ಮಾಡುವಾಗs ಹೇಳಿ ಕಳಿಸ್ಯಾರ. ಮೊದಲ ಎರಡು ದಿನ ಆರಾಮ ಇದ್ರು, ಈಗ ಒದ್ದಾಡಾಕತ್ತಾರ ಅಂತ ನಿಮಗ ವಿಚಿತ್ರ ಅನ್ಸಬಹುದು, ಆದ್ರ ಇದು ಹಿಂಗs ಇರ್ತೈತಿ. ಕಿವಿ ನೋಯ್ತೈತಿ ಅಂತಾರ, ಅದೂ ಕಿವಿಯೊಳಗಿನ ನೋವಲ್ಲ. ಗಂಟಲಿಗೂ ಕಿವಿಗೂ ಹೋಗೋ ನರ ಒಂದs, ಗಂಟಲ ನೋವು ಕಿವಿಯಾಗ ಕೇಳ್ತೈತಿ. ಅಕ್ಕಾ, ದಯವಿಟ್ಟು ಬೆಳ್ಳುಳ್ಳಿ ಎಣ್ಣಿ ಕಾಸಿ ಕಳಿಸಬ್ಯಾಡ.

ಗಾಬರಿ ಆಗೋದು ಬ್ಯಾರೆ ವಿಷಯಕ್ಕೈತಿ, ಅದು ರಕ್ತ. ಉಗುಳಿದ್ರಾಗ ಒಂದು ಎಳಿ ಕೆಂಪು ಬಂದ್ರ ನಡೀತೈತಿ. ಬಾಯಿ ತುಂಬ ಹಸಿ ರಕ್ತ ಬಂತೋ, ಕುಂದ್ರಿಸಿ, ಮುಂದಕ್ಕ ಬಾಗಿಸಿ, ನುಂಗದಂಗ ಉಗುಳಿಸಿ, ಆಗಿಂದಾಗ 108ಕ್ಕ ಫೋನ್ ಮಾಡಿ ಜಿಲ್ಲಾ ಆಸ್ಪತ್ರೆಗೆ ಹೋಗೋದು. ಹುಬ್ಬಳ್ಳಿಗೆ ಒಯ್ಯೋಣು ಅಂತ ಕಾರ್ ಹುಡುಕೋದು ಬ್ಯಾಡ. ಮಕ್ಕಳಿಗೂ ಹೇಳಿಟ್ಟೀನಿ. ಉಸಿರು ಕಟ್ಟಿದಂಗ ಆದ್ರೂ, ನೀರು ಸೈತ ಇಳೀದಂಗಾದ್ರೂ, ಜ್ವರ ಏರಿ ಇಳೀದಿದ್ರೂ ತಡಾ ಮಾಡಂಗಿಲ್ಲ.

ಉಳಿದಿದ್ದು ಬರೇ ನೀರಿನ ಕೆಲಸ ನೋಡ್ರಿ. ನನಗ ದಿನಾ ಪೂರ್ತಿ ಇದs ಉದ್ಯೋಗ. ನೋವಿಗೆ ಹೆದರಿ ಇವರು ನುಂಗಂಗಿಲ್ಲ, ನುಂಗಲಿಲ್ಲ ಅಂದ್ರ ಗಂಟಲ ಒಣಗ್ತೈತಿ, ಒಣಗಿದ್ರ ನೋವು ಇನ್ನೂ ಹೆಚ್ಚು. ನಮ್ಮ ಕೊಪ್ಪಳದ ಬಿಸಲಾಗ ಒಣಗಾಕ ಎಷ್ಟೊತ್ತು? ಹಿಂಗಾಗಿ ನೋವಿನ ಔಷಧ ಟೈಮಿಗೆ ಸರಿಯಾಗಿ ಕೊಟ್ಟು, ಅರ್ಧ ತಾಸು ಬಿಟ್ಟು ಏನರ ಕುಡಿಸ್ತೀನಿ. ತಣ್ಣಂದು, ಗುಟುಕು ಗುಟುಕು. ಮೊದಲ ಒಂದೆರಡು ಸಲ ಕುಡಿದಿದ್ದು ಮೂಗಿನಾಗ ಬಂತು, ಇವರು ಹೆದರಿಬಿಟ್ರು. ಅಂಗುಳ ಬಾತಿರ್ತೈತಿ, ಬಿಗಿ ಇರ್ತೈತಿ, ನುಂಗುವಾಗ ಮೂಗಿನ ದಾರಿ ಪೂರ್ತಿ ಮುಚ್ಚಂಗಿಲ್ಲ. ನೆಟ್ಟಗ ಕುಂತು ಸಾವಕಾಶ ಕುಡದ್ರ ಕಡಿಮಿ ಆಗ್ತೈತಿ, ದಿನ ಹೋದಂಗ ಸರಿ ಹೋಗ್ತೈತಿ ಅಂದಾರ. ಮೂತ್ರ ದಟ್ಟ ಹಳದಿ ಆತು ಅಂದ್ರ ನನಗ ಗೊತ್ತಾಗಿಬಿಡ್ತೈತಿ, ಈ ಮನಷ್ಯ ನೀರು ಕುಡಿದಂಗ ನಾಟಕ ಮಾಡ್ಯಾನ ಅಂತ!

ಊಟ ಅಂದ್ರ ಆರಿದ ರಾಗಿ ಗಂಜಿ, ಹಾಲಾಗ ಕಿವುಚಿದ ಮೆತ್ತನ್ನ ಅನ್ನ, ಜೋಳದ ನುಚ್ಚು ಚಲೋತಂಗ ಬೇಯಿಸಿ ಅರದಿದ್ದು, ಐಸ್‌ಕ್ರೀಮು. ಮಜ್ಜಿಗಿ ಹುಳಿ ಇದ್ರ ಉರೀತೈತಿ. ಖಡಕ್ ರೊಟ್ಟಿ, ಚುರುಮುರಿ, ಖಾರ, ಶೇಂಗಾ ಹಿಂಡಿ ಯಾವುದೂ ಸದ್ಯಕ್ಕಿಲ್ಲ. ಗವಿಮಠದ ಜಾತ್ರಿ ಮುಗೀಲಿ, ದಾಸೋಹದ ಮಿರ್ಚಿ ತಿಂದs ಆಪರೇಷನ್‌ಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದು ಯಾಕ ಅಂತ ಈಗ ತಿಳೀತು. ನಿನ್ನೆ ಏನು ಬೇಕ್ರಿ ಅಂತ ಕೇಳಿದ್ರ, ಮಗಳ ಪಾಟಿ ಮ್ಯಾಲ ದೊಡ್ಡ ಅಕ್ಷರದಾಗ "ಮಿರ್ಚಿ" ಅಂತ ಬರದ್ರು. ಹಾಂ, ಪಾಟಿ ಕೊಟ್ಟೀವಿ, ಮಾತಾಡಬಾರದು ಅಂತ. ಅದಕ್ಕs ಫೋನ್ ಎತ್ತಾಕತ್ತಿಲ್ಲ, ಯಾರೂ ಸಿಟ್ಟಾಗಬ್ಯಾಡ್ರಿ.

ದೊಡ್ಡಮ್ಮ ಶುಂಠಿ-ಮೆಣಸಿನ ಕಷಾಯ ಅಂದಾರ, ಬ್ಯಾಡ್ರಿ ದೊಡ್ಡಮ್ಮ, ಹಸಿ ಗಾಯಕ್ಕ ಅದು ಉರಿ. ಯಾರೋ ನಿದ್ದಿ ಗುಳಿಗಿ ಕೊಡ್ರಿ, ಆರಾಮ ಮಲಗ್ತಾರ ಅಂದ್ರಿ. ಅದನ್ನಂತೂ ಮನಸಿನ್ಯಾಗೂ ತರಬ್ಯಾಡ್ರಿ. ಇವರ ಕಾಯಿಲೆನs ನಿದ್ದಿಯಾಗ ಗಂಟಲ ಸಡಲಾಗಿ ಉಸಿರು ನಿಲ್ಲೋದು. ಈಗ ಬಾವು ಬ್ಯಾರೆ ಐತಿ. ನಿದ್ದಿ ಗುಳಿಗಿಯಾಗ್ಲಿ, ಶೆರೆ ಕುಡಿಯೋದಾಗ್ಲಿ, ಇನ್ನೂ ಸಡಲ ಮಾಡ್ತಾವ. ಡಾಕ್ಟರ್ ಚೀಟಿ ಇಲ್ದ ಮೆಡಿಕಲ್ ಶಾಪಿನಾಗ ತಂದ ಗುಳಿಗಿನೂ ಬ್ಯಾಡ, ಕೆಲವು ನೋವಿನ ಗುಳಿಗಿ ರಕ್ತ ತೆಳ್ಳಗ ಮಾಡ್ತಾವ. ತಲಿ ಎತ್ತರಕ್ಕ ಇಟ್ಟು, ಮೂರು ದಿಂಬು ಒರಗಿಸಿ ಮಲಗಸ್ತೀನಿ. ಗೊರಕಿ ಇನ್ನೂ ಐತಿ, ಬಾವು ಇಳಿಯೋ ತನಕ ಇರ್ತೈತಂತ.

ಕುಷ್ಟಗಿ ಕಾಕಾ, ನಿದ್ದಿಯಾಗ ಉಸಿರು ನಿಲ್ಲದಂಗ ಮೂಗಿಗೆ ಹಾಕ್ಕೊಳ್ಳೋ ಆ ಗಾಳಿ ಮಷಿನ್ ಇನ್ನ ಮಾರಿಬಿಡ್ರಿ ಅಂದ್ರಿ. ಈಗs ಬ್ಯಾಡ್ರಿ. ನಿದ್ದಿ ಪರೀಕ್ಷೆಯಾಗ ತಾಸಿಗೆ 5 ಸಲದಕಿಂತ ಕಡಿಮಿ ಉಸಿರು ತಡೆದ್ರ ನಡೀತೈತಿ, 30 ದಾಟಿದ್ರ ತೀವ್ರ ಅಂತಾರ. ಇವರದು 30 ದಾಟಿತ್ತು. ಮಾಸ್ಕ್ ಹಾಕ್ಕೊಂಡ್ರ ಜೀವ ಹಿಂಡಿದಂಗ ಆಗ್ತೈತಿ ಅಂತ ಕಿತ್ತು ಒಗೀತಿದ್ರು, ಅದಕ್ಕs ಕತ್ತರಿ ತನಕ ಬಂತು. ಆಪರೇಷನ್ ಆದ್ರ ಎಲ್ಲಾರಿಗೂ ಪೂರ್ತಿ ವಾಸಿ ಆಗ್ತೈತಿ ಅಂತೇನಿಲ್ಲ. ಮೂರು ತಿಂಗಳ ಬಿಟ್ಟು ಮತ್ತೊಮ್ಮೆ ನಿದ್ದಿ ಪರೀಕ್ಷೆ ಮಾಡಿ ನೋಡ್ತಾರ, ಅಲ್ಲಿ ತನಕ ಮಷಿನ್ ಅಟ್ಟದ ಮ್ಯಾಲ ಸೈತ ಹೋಗಂಗಿಲ್ಲ. ನನಗ ಕೇಳಿದ್ರ, ಇವರು ಒಂದಿಷ್ಟು ತೂಕ ಇಳಿಸಿದ್ರ ಅರ್ಧ ಕೆಲಸ ಆದಂಗ. ಈ ಮಾತು ಇವರ ಮುಂದ ಹೇಳಿದ್ರ ಪಾಟಿ ಒಡೀತೈತಿ, ಇರಲಿ.

ನೋಡಾಕ ಬರೋರು ಮುಂದಿನ ವಾರದ ಮ್ಯಾಲ ಬರ್ರಿ, ಕೆಮ್ಮು ನೆಗಡಿ ಇದ್ದೋರು ಅದೂ ಆರಾಮಾದ ಮ್ಯಾಲ. ಬಂದ್ರ ಮಾತಾಡಸಬ್ಯಾಡ್ರಿ, ನಗಸಬ್ಯಾಡ್ರಿ, ವಿಶೇಷವಾಗಿ ಕಾಕಾ, ನೀವು. ಗಂಗಾವತಿ ಅಕ್ಕಾ, ನೀ ಬರುವಾಗ ಐಸ್ ಟ್ರೇ ಒಂದು ತಗೊಂಡ್ ಬಾ, ನಮ್ಮದು ಸೀಳೈತಿ. ಇಡ್ತೀನ್ರಿ, ಗಂಜಿ ಆರೈತಿ.